ಸರಕಿನ ಕಟ್ಟುಪಾಡೂ ಕಾಡಿನ ಉಳಿವೂ

ಮಂಡ್ಯದ ಪೇಟೆಯಲ್ಲಿ ದೊರೆಯುವ ಒಂದು ಬಿಲ್ಲೆ ಸಾಬೂನನ್ನು ಕೈಗೆ ತೆಗೆದುಕೊಂಡು, ಅದರೊಳಗಿನ ಪದಾರ್ಥಗಳು ಎಲ್ಲೆಲ್ಲಿಂದ ಬಂದವೆಂದು ವಿಚಾರಿಸುತ್ತ ಹೋದರೆ ನಮ್ಮ ವಿಚಾರ ಬಹುದೂರ ಸಾಗಬೇಕಾಗುತ್ತದೆ. ಅನೇಕ ಸಾಬೂನುಗಳಿಗೆ ಬೇಕಾದ ಕೊಬ್ಬಿನ ಅಂಶ ಇಂದು ದೊರೆಯುವುದು ತಾಳೆ ಎಣ್ಣೆಯಿಂದ. ಆ ಎಣ್ಣೆಯಾದರೋ ಇಂಡೊನೇಷ್ಯ, ಮಲೇಷ್ಯಗಳ ತೋಟಗಳಿಂದ ಹಡಗನ್ನೇರಿ ನಮ್ಮ ಬಂದರುಗಳನ್ನು ಸೇರುತ್ತದೆ. ಅದೇ ಎಣ್ಣೆ ಬಿಸ್ಕತ್ತಿನಲ್ಲಿ, ಕರಿದ ತಿಂಡಿಯಲ್ಲಿ, ವನಸ್ಪತಿಯಲ್ಲಿ ಬೆರೆತು ಮದ್ದೂರು ಮಳವಳ್ಳಿಗಳ ಸಂತೆಗೂ ಬರುತ್ತದೆ. ಪ್ರಪಂಚದಲ್ಲಿ ತಾಳೆ ಎಣ್ಣೆಯನ್ನು ಅತ್ಯಧಿಕವಾಗಿ ಆಮದು ಮಾಡಿಕೊಳ್ಳುವ ದೇಶ ಭಾರತವೇ. ಆ ತೋಟಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಮಳೆಕಾಡುಗಳಾಗಿದ್ದುವು. ಹೀಗಿರುವಾಗ, ಸುಮಾತ್ರದ ಕಾಡನ್ನು ಕಣ್ಣಿನಿಂದಲೂ ಕಾಣದ ನಾವು ಅದರ ಗತಿಗೆ ಸಂಬಂಧಪಟ್ಟವರಲ್ಲವೆಂದು ಹೇಳಲಾದೀತೆ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2015ರಿಂದ 2025ರವರೆಗಿನ ಹತ್ತು ವರ್ಷಗಳಲ್ಲಿ ಪ್ರತಿವರ್ಷವೂ ಸುಮಾರು 1 ಕೋಟಿ 9 ಲಕ್ಷ ಹೆಕ್ಟೇರು ಕಾಡು ಕಡಿಯಲ್ಪಟ್ಟು ಬೇರೆ ಉಪಯೋಗಕ್ಕೆ ಹೋಗಿದೆ. ಮಂಡ್ಯ ಜಿಲ್ಲೆಯ ವಿಸ್ತೀರ್ಣ ಸುಮಾರು 5 ಲಕ್ಷ ಹೆಕ್ಟೇರು. ಎಂದರೆ, ವರ್ಷಕ್ಕೆ ಸುಮಾರು 22 ಮಂಡ್ಯ ಜಿಲ್ಲೆಗಳಷ್ಟು ಕಾಡು ಅಳಿಯುತ್ತಿದೆ. 1990ರಿಂದ 2000ದವರೆಗಿನ ದಶಕದಲ್ಲಿ ಇದು ವರ್ಷಕ್ಕೆ 1 ಕೋಟಿ 76 ಲಕ್ಷ ಹೆಕ್ಟೇರಿನಷ್ಟಿದ್ದಿತು. ವೇಗ ತಗ್ಗಿದೆ, ನಿಂತಿಲ್ಲ. ಹೀಗೆ ಕಾಡು ಹೋಗುವುದಕ್ಕೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕಾರಣ ಬೇಸಾಯದ ಮತ್ತು ಗೋಮಾಳದ ವಿಸ್ತರಣೆ. ಬೆಳೆದುದರಲ್ಲಿ ಒಂದು ದೊಡ್ಡ ಭಾಗ ದೂರದೇಶಗಳಲ್ಲಿ ಮಾರಾಟವಾಗುತ್ತದೆ.

ಆದುದರಿಂದ, ಕಾಡಿನ ಅಂಚಿನಲ್ಲಿ ಕಾವಲಿಡುವುದರ ಜೊತೆಗೆ ಮಾರುಕಟ್ಟೆಯ ಬಾಗಿಲಿನಲ್ಲಿಯೂ ಕಾವಲಿಟ್ಟರೆ ಹೇಗೆ ಎಂಬ ಆಲೋಚನೆ ಹುಟ್ಟಿತು. ಕಾಡು ಕಡಿದು ಬೆಳೆದ ಸರಕನ್ನು ಕೊಳ್ಳಬಾರದೆಂದು ಕೊಳ್ಳುವ ದೇಶವೇ ಕಾನೂನು ಮಾಡಿದರೆ, ಕಡಿಯುವವನ ಆಸೆ ತಾನಾಗಿ ಕುಂದುವುದೆಂಬುದು ಇದರ ತರ್ಕ. ಕೇಳುವುದಕ್ಕೆ ಇದು ಸರಳವಾಗಿದೆ. ಆದರೆ ಇಂಥ ಕಟ್ಟುಪಾಡು ಫಲಿಸಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಮೊದಲನೆಯದು: ಮರವನ್ನು ಉಳಿಸಿದವನಿಗೆ ಅದರಿಂದ ಲಾಭವುಂಟೆ? ಎರಡನೆಯದು: ಒಂದು ಬಾಗಿಲು ಮುಚ್ಚಿದಾಗ ಸರಕು ನುಸುಳಿ ಹೋಗಲು ಮತ್ತೊಂದು ಬಾಗಿಲು ತೆರೆದಿದೆಯೆ? ಮೂರನೆಯದು: ಸರಕು ಹುಟ್ಟಿದ ನೆಲ ಯಾವುದೆಂದು, ಅಲ್ಲಿ ಮೊದಲು ಕಾಡಿತ್ತೆ ಇಲ್ಲವೆ ಎಂದು ಅಳೆದು ತೋರಿಸಬಹುದೆ? ಈ ಮೂರರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಕಾನೂನು ಕಾಗದದ ಮೇಲೆಯೇ ಉಳಿಯುತ್ತದೆ. ಒಂದೊಂದು ಪ್ರಶ್ನೆಗೂ ಒಂದೊಂದು ನಿದರ್ಶನವನ್ನು ನೋಡೋಣ.

ಶ್ರೀಗಂಧ ಕಲಿಸಿದ ಪಾಠ

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ನಾವು ಹೊರನಾಡಿಗೆ ಹೋಗಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ಮುತ್ತತ್ತಿಯ ಸುತ್ತ, ಕಾವೇರಿಯ ಎರಡು ದಡಗಳಲ್ಲಿಯೂ ಹಬ್ಬಿರುವ ಒಣ ಎಲೆಯುದುರುವ ಕಾಡು ಶ್ರೀಗಂಧಕ್ಕೆ ಹೇಳಿ ಮಾಡಿಸಿದಂಥದು. ಶ್ರೀಗಂಧ ಒಂದು ವಿಚಿತ್ರ ವೃಕ್ಷ. ಅದು ಅರೆಪರಾವಲಂಬಿ. ಎಲೆಗಳು ಹಸುರಾಗಿದ್ದು ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ಬೇರುಗಳು ನೆರೆಯ ಗಿಡಗಳ ಬೇರುಗಳಿಗೆ ಅಂಟಿಕೊಂಡು ನೀರನ್ನೂ ಲವಣಗಳನ್ನೂ ಹೀರಿಕೊಳ್ಳುತ್ತವೆ. ಆದುದರಿಂದ ಸುತ್ತಲಿನ ಗಿಡಮರಗಳಿಲ್ಲದೆ ಶ್ರೀಗಂಧ ಚೆನ್ನಾಗಿ ಬೆಳೆಯದು. ಬೆಲೆಯುಳ್ಳ ಭಾಗವೆಂದರೆ ಒಳಗಿನ ಚೇಗು. ಅದು ಬಲಿತು ಎಣ್ಣೆಗಟ್ಟಲು ಹತ್ತಾರು ವರ್ಷಗಳು ಬೇಕು.

ಈ ಮರದ ವ್ಯಾಪಾರಕ್ಕೆ ನಮ್ಮಲ್ಲಿ ಕಟ್ಟುಪಾಡು ಬಂದು ಎರಡು ಶತಮಾನಗಳಿಗೂ ಮಿಕ್ಕಿ ಕಾಲವಾಯಿತು. 1792ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದನು. ಆಮೇಲೆ ಬಂದ ಮೈಸೂರು ಸಂಸ್ಥಾನವೂ ಅನಂತರದ ಸರಕಾರಗಳೂ ಈ ಏಕಸ್ವಾಮ್ಯವನ್ನು ಮುಂದುವರಿಸಿದುವು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರಕಾರದ್ದೇ. ಸಂಸ್ಥಾನಕ್ಕೆ ಇದರಿಂದ ಬಂದ ಆದಾಯ ಅಲ್ಪವಾದುದಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡುಗಳು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದುವು. 1914ರಲ್ಲಿ ಯುದ್ಧ ಆರಂಭವಾಗಿ ಆ ಮಾರುಕಟ್ಟೆ ಮುಚ್ಚಿಹೋದಾಗ, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ನಮ್ಮಲ್ಲಿಯೇ ಎಣ್ಣೆ ಬಟ್ಟಿಯಿಳಿಸುವುದು ಮೊದಲಾಯಿತು. ಒಂದು ಮಾರುಕಟ್ಟೆಯ ಬಾಗಿಲು ಸಾವಿರಾರು ಮೈಲಿ ಆಚೆ ಮುಚ್ಚಿದರೆ ಮೈಸೂರಿನ ಕಾಡಿನ ಸರಕು ಬೇರೆ ರೂಪ ತಾಳಬೇಕಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಆದರೆ ಈ ಕಟ್ಟುಪಾಡು ಮರವನ್ನು ಉಳಿಸಿತೆ? ರೈತನ ದೃಷ್ಟಿಯಿಂದ ವಿಚಾರಿಸಿ ನೋಡಿ. ಹೊಲದಲ್ಲಿ ಗಂಧದ ಸಸಿಯೊಂದು ತಲೆಯೆತ್ತಿದರೆ ಅದನ್ನು ಕಾಪಾಡುವ ಹೊಣೆ ಅವನದು. ಕಳುವಾದರೆ ವಿಚಾರಣೆಗೆ ಒಳಗಾಗುವವನು ಅವನು. ಬಲಿತ ಮೇಲೆ ಮರ ಸರಕಾರದ್ದು, ಅವನಿಗೆ ಸಲ್ಲುವುದು ಸರಕಾರ ಗೊತ್ತುಮಾಡಿದ ಪಾಲು ಮಾತ್ರ. ಇಂಥ ಸಸಿಯನ್ನು ಚಿಗುರಿನಲ್ಲಿಯೇ ಕಿತ್ತೆಸೆಯುವುದು ಕ್ಷೇಮವೆಂದು ಅವನು ಬಗೆದರೆ ಆಶ್ಚರ್ಯವಿಲ್ಲ. ಇತ್ತ ನ್ಯಾಯವಾಗಿ ದೊರೆಯುವ ಸರಕು ಕಡಮೆಯಾದಂತೆ ಬೆಲೆ ಏರಿತು. ಏರಿದ ಬೆಲೆಯ ಲಾಭ ಬೆಳೆಯುವವನಿಗೆ ದಕ್ಕದೆ ಕದಿಯುವವನಿಗೆ ದಕ್ಕಿತು. 1980 ಮತ್ತು 1990ರ ದಶಕಗಳಲ್ಲಿ ವೀರಪ್ಪನ್ ಎಂಬವನ ತಂಡ ಮಲೆಮಹದೇಶ್ವರ ಬೆಟ್ಟದ ಸುತ್ತಿನ ಕಾಡುಗಳಲ್ಲಿ ಗಂಧವನ್ನು ಕೊಳ್ಳೆ ಹೊಡೆದುದೂ, 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದುದೂ ಎಲ್ಲರಿಗೂ ತಿಳಿದ ಸಂಗತಿ. ಮುತ್ತತ್ತಿಯ ಕಾಡನ್ನೂ ಒಳಗೊಂಡ ಕಾವೇರಿ ವನ್ಯಧಾಮ 1987ರಲ್ಲಿಯೇ ಏರ್ಪಟ್ಟಿದ್ದರೂ ಗಂಧಕ್ಕೆ ಅದೊಂದೇ ರಕ್ಷೆಯಾಗಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿಕೊಂಡು ಗಂಧದ ಮರಗಳನ್ನು ಒಣಗಿಸುತ್ತ ಬಂದ ಸ್ಪೈಕ್ ರೋಗವೂ ಜೊತೆಗೂಡಿತು. ಈಗ ಶ್ರೀಗಂಧವು ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಅಳಿವಿನ ಭಯವುಳ್ಳ ಮರಗಳ ಸಾಲಿಗೆ ಸೇರಿದೆ.

2001ರಲ್ಲಿ ಕರ್ನಾಟಕ ಸರಕಾರ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ನೆಲದ ಒಡೆಯನೇ ಗಂಧದ ಮರದ ಒಡೆಯನೆಂದು ಒಪ್ಪಿತು. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ಉಳಿದುಕೊಂಡಿತು. ಅಂದಿನಿಂದ ಜನ ಗಂಧವನ್ನು ಬೆಳೆಯಾಗಿ ನೆಡತೊಡಗಿದ್ದಾರೆ. ಅಷ್ಟರಲ್ಲಿ ಆಸ್ಟ್ರೇಲಿಯದ ವಾಯವ್ಯ ಭಾಗದ ಕುನುನರ್ರದ ನೀರಾವರಿ ಪ್ರದೇಶದಲ್ಲಿ ನಮ್ಮದೇ ಜಾತಿಯ ಗಂಧದ ವಿಶಾಲವಾದ ತೋಟಗಳು ಎದ್ದಿದ್ದುವು. ಇದರಿಂದ ತಿಳಿಯುವುದೇನು? ನಿಷೇಧದ ಕಾನೂನು ಬೆಲೆಯನ್ನು ಏರಿಸುತ್ತದೆ. ಆ ಬೆಲೆ ಯಾರ ಕೈಗೆ ಹೋಗುವುದೆಂಬುದರ ಮೇಲೆ ಮರದ ಅಳಿವು ಉಳಿವು ನಿಂತಿರುತ್ತದೆ.

ಒಂದು ಬಾಗಿಲು ಮುಚ್ಚಿದಾಗ

ಎರಡನೆಯ ಪ್ರಶ್ನೆಗೆ ನಿದರ್ಶನ ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ್ದು. ದನ ಕೋಳಿಗಳ ಮೇವಿಗೆ ಬೇಕಾದ ಸೋಯಾ ಅವರೆಗಾಗಿ ಅಮೆಜಾನಿನ ಕಾಡು ಕಡಿಯಲ್ಪಡುತ್ತಿದೆಯೆಂದು ಯೂರೋಪಿನ ಗಿರಾಕಿಗಳು ಆಕ್ಷೇಪವೆತ್ತಿದಾಗ, ದೊಡ್ಡ ವ್ಯಾಪಾರಿಗಳೆಲ್ಲ ಸೇರಿ 2006ರಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಆ ದಿನದಿಂದಾಚೆಗೆ ಕಡಿದ ಅಮೆಜಾನ್ ಕಾಡಿನ ನೆಲದಲ್ಲಿ ಬೆಳೆದ ಸೋಯಾವನ್ನು ತಾವು ಕೊಳ್ಳುವುದಿಲ್ಲವೆಂಬುದೇ ಆ ಒಪ್ಪಂದ. ಬ್ರೆಜಿಲಿನ ಬಾಹ್ಯಾಕಾಶ ಸಂಸ್ಥೆ ಉಪಗ್ರಹ ಚಿತ್ರಗಳಿಂದ ಕಾಡಿನ ನಷ್ಟವನ್ನು 1988ರಿಂದಲೇ ಪ್ರತಿವರ್ಷವೂ ಅಳೆಯುತ್ತಿದ್ದುದರಿಂದ ಯಾವ ನೆಲ ಎಂದು ಬೋಳಾಯಿತೆಂಬುದು ತಿಳಿಯುವಂತಿದ್ದಿತು. ಒಪ್ಪಂದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಅಮೆಜಾನ್ ಪ್ರದೇಶದ ಹೊಸ ಸೋಯಾ ಹೊಲಗಳಲ್ಲಿ ಸುಮಾರು ಶೇಕಡ 30ರಷ್ಟು ನೇರವಾಗಿ ಕಾಡು ಕಡಿದು ಮಾಡಿದಂಥವು. 2014ರ ವೇಳೆಗೆ ಅದು ಶೇಕಡ 1ರಷ್ಟಕ್ಕೆ ಇಳಿಯಿತು.

ಇದು ದೊಡ್ಡ ಜಯವೇ ಸರಿ. ಆದರೆ ಒಪ್ಪಂದದ ಗೆರೆ ಅಮೆಜಾನಿನ ಅಂಚಿಗೆ ನಿಂತಿತ್ತು. ಅದರ ಪಕ್ಕದಲ್ಲಿರುವ ಸೆರಾಡೊ ಎಂಬ ಹುಲ್ಲು ಮರಗಳು ಬೆರೆತ ವಿಶಾಲ ಪ್ರದೇಶಕ್ಕೆ ಅದು ಅನ್ವಯಿಸಲಿಲ್ಲ. ಅಲ್ಲಿ ಸೋಯಾದ ವಿಸ್ತರಣೆ ಮುಂದುವರಿಯಿತು. ನೀರಿನ ಕಾಲುವೆಗೆ ಒಂದು ಕಡೆ ಕಟ್ಟೆ ಹಾಕಿದರೆ ತಗ್ಗಿನ ಇನ್ನೊಂದು ಕಡೆ ಒಡೆದು ಹರಿಯುವುದನ್ನು ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವ್ಯಾಪಾರವೂ ಹಾಗೆಯೇ. 2025ರಿಂದ ಬ್ರೆಜಿಲಿನಲ್ಲಿ ಈ ಒಪ್ಪಂದದ ನ್ಯಾಯಸಮ್ಮತತೆಯೇ ವಿವಾದಕ್ಕೆ ಗುರಿಯಾಗಿದೆ. ವರ್ತಕರು ತಾವಾಗಿ ಹಾಕಿಕೊಂಡ ಕಟ್ಟು ಎಷ್ಟು ಕಾಲ ನಿಲ್ಲುವುದೆಂಬ ಶಂಕೆಗೆ ಇದು ಎಡೆಗೊಟ್ಟಿದೆ.

ಯೂರೋಪಿನ ನಿಯಮ, ಕೊಡಗಿನ ಕಾಫಿ

ವರ್ತಕರ ಒಪ್ಪಂದದ ಬದಲು ಕಾನೂನಿನ ಬಲವೇ ಇರಲೆಂದು ಯೂರೋಪಿನ ಒಕ್ಕೂಟವು 2023ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರು, ಸೋಯಾ ಮತ್ತು ಮರ ಎಂಬ ಏಳು ಸರಕುಗಳಿಗೂ, ಅವುಗಳಿಂದಾದ ಅನೇಕ ವಸ್ತುಗಳಿಗೂ ಇದು ಅನ್ವಯಿಸುತ್ತದೆ. ಮಂಡ್ಯದ ಸಕ್ಕರೆ ಬೆಲ್ಲಗಳು ಈ ಪಟ್ಟಿಯಲ್ಲಿಲ್ಲ. ಸರಕು ಬೆಳೆದ ನೆಲದಲ್ಲಿ 2020ರ ಡಿಸೆಂಬರ್ 31ರ ತರುವಾಯ ಕಾಡನ್ನು ಕಡಿದಿರಬಾರದು. ಬೆಳೆದುದು ಆ ದೇಶದ ಕಾನೂನಿಗೆ ಒಳಪಟ್ಟಿರಬೇಕು. ನೆಲದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಇವು ಮುಖ್ಯ ಷರತ್ತುಗಳು. 2024ರ ಕೊನೆಗೆ ಆಚರಣೆಗೆ ಬರಬೇಕಾಗಿದ್ದ ನಿಯಮವನ್ನು ಒಮ್ಮೆ ಮುಂದೂಡಿದರು. 2025ರ ಡಿಸೆಂಬರಿನಲ್ಲಿ ಮತ್ತೆ ಮುಂದೂಡಿ ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30ನ್ನೂ ಅತಿ ಚಿಕ್ಕವರಿಗೆ 2027ರ ಜೂನ್ 30ನ್ನೂ ಗೊತ್ತುಮಾಡಿದರು.

ಕರ್ನಾಟಕಕ್ಕೆ ಇದರ ಬಿಸಿ ತಟ್ಟುವುದು ಕಾಫಿಯ ಮೂಲಕ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಪಾಲು ಕರ್ನಾಟಕದ್ದು. ಅದರಲ್ಲಿಯೂ ಕೊಡಗಿನದು ಅಗ್ರಸ್ಥಾನ. ಬೆಳೆದುದರಲ್ಲಿ ಹೆಚ್ಚಿನ ಭಾಗ ರಫ್ತಾಗುತ್ತದೆ; ಕೊಳ್ಳುವವರಲ್ಲಿ ಇಟಲಿ ಮೊದಲನೆಯದು. ಬೆಳೆಗಾರರಲ್ಲಿ ಬಹುಪಾಲು ಜನ 10 ಹೆಕ್ಟೇರಿಗಿಂತ ಕಡಮೆ ನೆಲವುಳ್ಳವರು. ಅವರ ಕಾಫಿ ಊರಿನ ವರ್ತಕನ ಕೈಗೆ, ಅಲ್ಲಿಂದ ಕ್ಯೂರಿಂಗ್ ಕಾರ್ಖಾನೆಗೆ, ಅಲ್ಲಿಂದ ರಫ್ತುದಾರನಿಗೆ ಹೋಗುವಷ್ಟರಲ್ಲಿ ನೂರು ತೋಟಗಳ ಬೀಜ ಒಂದಾಗಿರುತ್ತದೆ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹಲವು ಆಲೆಮನೆಗಳ ಬೆಲ್ಲ ಒಂದೇ ಲಾರಿಯನ್ನೇರಿದ ಮೇಲೆ, ಯಾವ ಅಚ್ಚು ಯಾವ ಗದ್ದೆಯ ಕಬ್ಬಿನದೆಂದು ಹೇಳಬಲ್ಲವರುಂಟೆ? ಆ ಪ್ರಶ್ನೆಗೆ ಕಾಫಿಯ ವಿಷಯದಲ್ಲಿ ಉತ್ತರ ಕೊಡಬೇಕೆಂಬುದೇ ಈ ನಿಯಮದ ಹಟ. ಕಾಡು ಕಡಿದು ಬೆಳೆದುದರೊಡನೆ ಕಡಿಯದೆ ಬೆಳೆದುದನ್ನು ಬೆರೆಸಿ ಲೆಕ್ಕ ಸರಿದೂಗಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಆಕಾಶದಿಂದ ಕಾಡನ್ನು ಅಳೆಯುವುದು

ನೆಲದ ಗುರುತು ದೊರೆತರೂ ಅಲ್ಲಿ 2020ರಲ್ಲಿ ಕಾಡಿತ್ತೆಂದು ತಿಳಿಯುವುದು ಹೇಗೆ? ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಎಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕಿನಲ್ಲಿ ಕೆಂಪು ಬಣ್ಣವನ್ನು ಬಹುವಾಗಿ ಹೀರಿಕೊಳ್ಳುತ್ತದೆ. ಕೆಂಪಿನ ಆಚೆಗಿರುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನಾದರೋ ಎಲೆಯ ಒಳಗಿನ ಜೀವಕೋಶಗಳ ರಚನೆ ಹಿಂದಕ್ಕೆ ಚೆದುರಿಸಿಬಿಡುತ್ತದೆ. ಉಪಗ್ರಹದಲ್ಲಿರುವ ಉಪಕರಣ ಈ ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು ಬಂದುದನ್ನು, ಎರಡರ ಮೊತ್ತದಿಂದ ಭಾಗಿಸಿದರೆ ಹಸುರಿನ ಸೂಚ್ಯಂಕ ದೊರೆಯುತ್ತದೆ. ಒಂದು ಜಾಗ ಕೆಂಪಿನ 0.05 ಭಾಗವನ್ನೂ ಅವಕೆಂಪಿನ 0.45 ಭಾಗವನ್ನೂ ಪ್ರತಿಫಲಿಸಿತೆನ್ನೋಣ. ಸೂಚ್ಯಂಕ 0.40ನ್ನು 0.50ರಿಂದ ಭಾಗಿಸಿದಷ್ಟು, ಎಂದರೆ 0.8; ಇದು ದಟ್ಟವಾದ ಹಸುರು. ಬರಿಯ ಮಣ್ಣು ಕೆಂಪಿನ 0.20ನ್ನೂ ಅವಕೆಂಪಿನ 0.30ನ್ನೂ ಪ್ರತಿಫಲಿಸಿದರೆ ಸೂಚ್ಯಂಕ 0.2 ಮಾತ್ರ.

ಆದರೆ ಹಸುರೆಲ್ಲವೂ ಕಾಡಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎದೆಯೆತ್ತರ ಬೆಳೆದ ಕಬ್ಬು ಕಾಡಿನಷ್ಟೇ ಸೂಚ್ಯಂಕವನ್ನು ತೋರಿಸೀತು. ಇವೆರಡನ್ನು ಬೇರ್ಪಡಿಸಲು ಕಾಲದ ಸಾಕ್ಷ್ಯ ಬೇಕು. ವರ್ಷಕ್ಕೊಮ್ಮೆ ಕಬ್ಬು ಕಡಿದಾಗ ಸೂಚ್ಯಂಕ ಥಟ್ಟನೆ ಬೀಳುತ್ತದೆ. ನಿತ್ಯಹರಿದ್ವರ್ಣದ ಕಾಡಿನಲ್ಲಿ ವರ್ಷದುದ್ದಕ್ಕೂ ಅದು ಹೆಚ್ಚುಕಡಮೆ ಸಮವಾಗಿರುತ್ತದೆ. ಕಾಡು ಕಡಿದಲ್ಲಿ ಒಮ್ಮೆ ಬಿದ್ದುದು ಮೊದಲಿನ ರೀತಿಗೆ ಮರಳುವುದಿಲ್ಲ. ಆದುದರಿಂದ ಒಂದು ಚಿತ್ರ ಸಾಲದು, ಚಿತ್ರಗಳ ಮಾಲೆ ಬೇಕು. 1972ರಲ್ಲಿ ಹಾರಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಈ ಮಾಲೆ ಆರಂಭವಾಯಿತು. ಈಗಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಬಿಂದು ನೆಲದ ಮೇಲೆ 30 ಮೀಟರ್ ಉದ್ದ 30 ಮೀಟರ್ ಅಗಲವುಳ್ಳದ್ದು. 2015ರಿಂದ ಹಾರುತ್ತಿರುವ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಬಿಂದು 10 ಮೀಟರಿನದು. ನಮ್ಮ ಒಂದು ಗುಂಟೆಯೆಂದರೆ 33 ಅಡಿ ಚೌಕ, ಸುಮಾರು 101 ಚದರ ಮೀಟರ್. ಎಂದರೆ ಸೆಂಟಿನೆಲ್ ಚಿತ್ರದ ಒಂದು ಬಿಂದು ಹೆಚ್ಚುಕಡಮೆ ಸರಿಯಾಗಿ ಒಂದು ಗುಂಟೆ. ಲ್ಯಾಂಡ್‌ಸ್ಯಾಟಿನದು ಸುಮಾರು 9 ಗುಂಟೆ.

ಮೋಡ ಮುಸುಕಿದಾಗ ಈ ಉಪಕರಣಗಳು ಕುರುಡು. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನ ಆಕಾಶ ಹೇಗಿರುವುದೆಂದು ಬೇರೆ ಹೇಳಬೇಕಾಗಿಲ್ಲ. ಆಗ ಉಪಯೋಗಕ್ಕೆ ಬರುವುದು ರೇಡಾರ್. ಅದರ ಅಲೆಗಳು ಮೋಡವನ್ನು ಸುಲಭವಾಗಿ ದಾಟುತ್ತವೆ. ತರಂಗಾಂತರ ಹೆಚ್ಚಿದಷ್ಟೂ ಅವು ಎಲೆಗಳ ಹೊದಿಕೆಯನ್ನು ತೂರಿ ಕೊಂಬೆ ಕಾಂಡಗಳವರೆಗೆ ಇಳಿಯುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ, ಭಾರತ ಮತ್ತು ಅಮೆರಿಕಗಳು ಜೊತೆಗೂಡಿ ನಿರ್ಮಿಸಿದ ನೈಸಾರ್ ಉಪಗ್ರಹದಲ್ಲಿ ಸುಮಾರು 24 ಸೆಂಟಿಮೀಟರ್ ಮತ್ತು ಸುಮಾರು 10 ಸೆಂಟಿಮೀಟರ್ ತರಂಗಾಂತರದ ಎರಡು ರೇಡಾರುಗಳಿವೆ.

ಅಂಕಿಗಳ ಸೂಕ್ಷ್ಮತೆ ಮತ್ತು ಅಳತೆಯ ನಿಖರತೆ

ಯೂರೋಪಿನ ನಿಯಮ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಆರು ಸ್ಥಾನಗಳವರೆಗೆ ಕೇಳುತ್ತದೆ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್. ಆರನೆಯ ಸ್ಥಾನದ ಬೆಲೆ ಅದರ ಹತ್ತು ಲಕ್ಷದ ಒಂದು ಪಾಲು, ಎಂದರೆ 11 ಸೆಂಟಿಮೀಟರ್. ಆದರೆ ಜೇಬಿನ ಫೋನು ತೋರಿಸುವ ಸ್ಥಾನದಲ್ಲಿ ಬಯಲಿನಲ್ಲಿಯೇ ಸುಮಾರು 5 ಮೀಟರ್ ತಪ್ಪಿರಬಹುದು. ಮರಗಳ ಕೆಳಗೆ, ಸಂಕೇತಗಳು ಕ್ಷೀಣಿಸಿ ಚೆದುರುವುದರಿಂದ, ಇನ್ನೂ ಹೆಚ್ಚು. ಫೋನು ಆರು ಸ್ಥಾನಗಳನ್ನು ಬರೆದು ತೋರಿಸೀತು. ಆದರೆ ಕೊನೆಯ ಎರಡು ಅಂಕಿಗಳಿಗೆ ಆಧಾರವಿಲ್ಲ. ಪ್ರಯೋಗಶಾಲೆಯಲ್ಲಿ ಸೂಕ್ಷ್ಮತೆಯೂ ನಿಖರತೆಯೂ ಒಂದೇ ಅಲ್ಲವೆಂದು ಕಲಿಯುವ ವಿದ್ಯಾರ್ಥಿಗೆ ಇದು ಹೊಸ ವಿಷಯವಲ್ಲ.

ಈ ದೋಷ ಎಲ್ಲರಿಗೂ ಸಮವಾಗಿ ಹಂಚಿಹೋಗುವುದಿಲ್ಲ. ಚೌಕಾಕಾರದ ಒಂದು ಎಕರೆ ತೋಟದ ಬದಿ ಸುಮಾರು 63.6 ಮೀಟರ್. ನಾಲ್ಕು ಎಲ್ಲೆಗಳೂ 5 ಮೀಟರ್ ಒಳಕ್ಕೆ ತಪ್ಪಿದರೆ ಬದಿ 53.6 ಮೀಟರ್ ಆಗಿ, 40 ಗುಂಟೆಯ ತೋಟ 28 ಗುಂಟೆಯಾಗುತ್ತದೆ. ಹೊರಕ್ಕೆ ತಪ್ಪಿದರೆ ಸುಮಾರು 54 ಗುಂಟೆಯಾಗಿ ನೆರೆಯ ಕಾಡನ್ನೂ ನುಂಗಿದಂತೆ ತೋರುತ್ತದೆ. ಇದೇ ತಪ್ಪು 10 ಎಕರೆಯ ತೋಟದಲ್ಲಿ ಶೇಕಡ 10ರಷ್ಟು ಮಾತ್ರ ವ್ಯತ್ಯಾಸ ತರುತ್ತದೆ. ವಿಸ್ತೀರ್ಣ ಕುಗ್ಗಿದಂತೆ, ಅದಕ್ಕೆ ಹೋಲಿಸಿದರೆ ಎಲ್ಲೆಯ ಉದ್ದ ಹೆಚ್ಚಾಗುವುದೇ ಇದಕ್ಕೆ ಕಾರಣ. 4 ಹೆಕ್ಟೇರಿಗಿಂತ, ಎಂದರೆ ಸುಮಾರು 10 ಎಕರೆಗಿಂತ ಚಿಕ್ಕ ತೋಟಕ್ಕೆ ಎಲ್ಲೆಯ ನಕ್ಷೆ ಬೇಡ, ಒಂದು ಬಿಂದುವಿನ ಗುರುತು ಸಾಕೆಂದು ನಿಯಮವೇ ವಿನಾಯಿತಿ ಕೊಟ್ಟಿದೆ. ಚಿಕ್ಕ ಬೆಳೆಗಾರನಿಗೆ ಇದು ಉಪಕಾರವೇ. ಆದರೂ ಬಿಂದು ಎಲ್ಲೆಯನ್ನು ಹೇಳಲಾರದು. ಪರೀಕ್ಷಿಸುವವನಿಗೆ ಸಂಶಯ ಬಂದರೆ ತೀರ್ಮಾನವಾಗಬೇಕಾದುದು ನೆಲದ ಮೇಲೆಯೇ.

ಇನ್ನೊಂದು ತೊಡಕು ವ್ಯಾಖ್ಯೆಯದು. ಯೂರೋಪಿನ ನಿಯಮದಂತೆ, ಅರ್ಧ ಹೆಕ್ಟೇರಿಗಿಂತ, ಎಂದರೆ ಸುಮಾರು 49 ಗುಂಟೆಗಿಂತ ಹೆಚ್ಚಿನ ನೆಲದಲ್ಲಿ, 5 ಮೀಟರಿಗಿಂತ ಎತ್ತರದ ಮರಗಳ ನೆರಳು ಶೇಕಡ 10ನ್ನು ಮೀರಿದ್ದರೆ ಅದು ಕಾಡು; ಆದರೆ ಬೇಸಾಯಕ್ಕೆ ಮೀಸಲಾದ ನೆಲ ಕಾಡಲ್ಲ. ನಮ್ಮ ದೇಶದ ಅರಣ್ಯ ಸರ್ವೇಕ್ಷಣ ಸಂಸ್ಥೆಯಾದರೋ 1 ಹೆಕ್ಟೇರಿಗೆ ಕಡಮೆಯಿಲ್ಲದ ನೆಲದಲ್ಲಿ ಮರಗಳ ಹೊದಿಕೆ ಶೇಕಡ 10ಕ್ಕೆ ಕಡಮೆಯಿಲ್ಲದಿದ್ದರೆ, ಒಡೆತನ ಯಾರದೇ ಇರಲಿ, ಮರ ಯಾವುದೇ ಇರಲಿ, ಅರಣ್ಯದ ಹೊದಿಕೆಯೆಂದು ಎಣಿಸುತ್ತದೆ. ಮದ್ದೂರಿನ ದಟ್ಟವಾದ ದೊಡ್ಡ ತೆಂಗಿನ ತೋಟವೊಂದು ಒಂದು ಲೆಕ್ಕದಲ್ಲಿ ಅರಣ್ಯದ ಹೊದಿಕೆ, ಇನ್ನೊಂದು ಲೆಕ್ಕದಲ್ಲಿ ಕೃಷಿಭೂಮಿ! ಹಾಗೆಯೇ ಅತ್ತಿ, ಹಲಸು, ಬೀಟೆ, ಹೊನ್ನೆಗಳ ನೆರಳಿನಲ್ಲಿ ಬೆಳೆದ ಕೊಡಗಿನ ಕಾಫಿ ಮೇಲಿನಿಂದ ನೋಡುವ ಯಂತ್ರಕ್ಕೆ ಕಾಡಿನಂತೆಯೇ ಕಾಣಬಹುದು. ಮುಂದೊಂದು ದಿನ ಬೆಳೆಗಾರ ತನ್ನ ತೋಟದ ನೆರಳನ್ನು ಸವರಿದರೆ ಯಂತ್ರ ಅದನ್ನು ಕಾಡುಗಳ್ಳತನವೆಂದು ಓದೀತು. ಯಂತ್ರ ಅಳೆಯುವುದು ಬೆಳಕನ್ನು. ಕಾಡೆಂಬ ಹೆಸರನ್ನು ಕೊಡುವವರು ಮನುಷ್ಯರು.

ಕಾವೇರಿಯ ಕೆಳಗಿನವರು

ಇದೆಲ್ಲ ಕೊಡಗಿನವರ ಚಿಂತೆ, ಮಂಡ್ಯದವರಿಗೇನೆಂದು ಯಾರಾದರೂ ಕೇಳಬಹುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗೆ ಹರಿಯುವ ನೀರು ಕೃಷ್ಣರಾಜಸಾಗರದ್ದು; ಆ ಸಾಗರಕ್ಕೆ ಕಾವೇರಿ ಬರುವುದು ಕೊಡಗಿನ ಕಾಡು ಮತ್ತು ನೆರಳಿನ ತೋಟಗಳ ನಡುವಿನಿಂದ. ಮರಗಳ ಬೇರು ಮತ್ತು ತರಗು ಹೊದ್ದ ಮಣ್ಣು ಮಳೆಯ ನೀರನ್ನು ಇಂಗಿಸಿಕೊಳ್ಳುತ್ತದೆ. ಬೋಳಾದ ಇಳಿಜಾರಿನಿಂದ ನೀರಿನೊಡನೆ ಮಣ್ಣೂ ಇಳಿದು ಜಲಾಶಯದ ತಳ ಸೇರುತ್ತದೆ. ಇಟಲಿಯ ಕಾಫಿ ಅಂಗಡಿಯಲ್ಲಿ ಕೇಳುವ ಪ್ರಶ್ನೆಗೂ ಮಂಡ್ಯದ ತೂಬಿಗೂ ಹೀಗೆ ಒಂದು ನಂಟು ಉಂಟು.

ಈಗ ನಮ್ಮ ಮೂರು ಪ್ರಶ್ನೆಗಳನ್ನು ಕೊಡಗಿನ ತೋಟಕ್ಕೆ ಹಾಕಿ ನೋಡೋಣ. ನೆಲವನ್ನು ಅಳೆಯಬಹುದೆ? ಬಹುಮಟ್ಟಿಗೆ ಅಳೆಯಬಹುದು, ಆದರೆ ಚಿಕ್ಕ ಹಿಡುವಳಿಗೆ ನೆಲದ ಮೇಲಿನ ಪರಿಶೀಲನೆಯೂ ಬೇಕು. ಬೇರೆ ಬಾಗಿಲು ಉಂಟೆ? ಉಂಟು. ಯೂರೋಪು ಬೇಡವೆಂದ ಸರಕು ಪ್ರಶ್ನೆ ಕೇಳದ ಮತ್ತೊಂದು ದೇಶಕ್ಕೆ ಹೋಗಬಲ್ಲದು. ಆಮದಾಗುವ ತಾಳೆ ಎಣ್ಣೆ ಯಾವ ನೆಲದಲ್ಲಿ ಹುಟ್ಟಿತೆಂದು ಕೇಳುವ ಇಂಥ ನಿಯಮ ನಮ್ಮಲ್ಲಿಯೂ ಇಲ್ಲ. ಮಾರುವಾಗ ಸಾಕ್ಷ್ಯ ಕೊಡಬೇಕಾಗಿರುವ ನಾವು ಕೊಳ್ಳುವಾಗ ಸಾಕ್ಷ್ಯ ಕೇಳುತ್ತಿಲ್ಲ.

ಮೂರನೆಯದಾಗಿ, ಮರ ಉಳಿಸಿದವನಿಗೆ ಲಾಭವುಂಟೆ? ಇಲ್ಲಿ ಶ್ರೀಗಂಧದ ಪಾಠ ಮತ್ತೆ ಎದುರಾಗುತ್ತದೆ. ಕೊಡಗಿನ ಹಲವು ಬಗೆಯ ಹಿಡುವಳಿಗಳಲ್ಲಿ ನಾಡಮರಗಳ ಮೇಲಿನ ಪೂರ್ಣ ಹಕ್ಕು ಬೆಳೆಗಾರನಿಗಿಲ್ಲ. ಕಡಿಯಲು ಅನುಮತಿ ಪಡೆಯುವುದು ಪ್ರಯಾಸದ ಕೆಲಸ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರಕ್ಕೆ ಆ ತೊಡಕಿಲ್ಲ, ಬೆಳವಣಿಗೆಯೂ ಬೇಗ. ಆದುದರಿಂದ ನಾಡಮರ ಹೋದಲ್ಲಿ ಸಿಲ್ವರ್ ಓಕ್ ಬರುತ್ತಿದೆ. ಉಪಗ್ರಹದ ಸೂಚ್ಯಂಕದಲ್ಲಿ ಇದರಿಂದ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ಅತ್ತಿಯ ಹಣ್ಣನ್ನು ನಂಬಿದ ಹಕ್ಕಿಗೆ ವ್ಯತ್ಯಾಸ ಬಹಳ. ಕಾಡು ಕಡಿದವನ ಕಾಫಿಯನ್ನು ತಡೆಯುವುದರ ಜೊತೆಗೆ ನಾಡಮರ ಉಳಿಸಿಕೊಂಡವನ ಕಾಫಿಗೆ ನಾಲ್ಕು ಕಾಸು ಹೆಚ್ಚು ದೊರೆಯುವಂತೆ ಏರ್ಪಾಡಾಗದಿದ್ದರೆ, ಎರಡು ಶತಮಾನದ ಹಿಂದಿನ ರಾಜವೃಕ್ಷದ ಕಥೆಯೇ ಇನ್ನೊಂದು ಹೆಸರಿನಲ್ಲಿ ಮರುಕಳಿಸೀತು.

ಇವನ್ನು ಮಾಡಿ ನೋಡಿ

1. ಶಾಲೆಯ ಬಯಲಿನ ಒಂದು ಗುರುತಿನ ಮೇಲೆ ನಿಂತು, ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ಐದೈದು ನಿಮಿಷಕ್ಕೊಮ್ಮೆ ಹತ್ತು ಬಾರಿ ಬರೆದುಕೊಳ್ಳಿ. ದಟ್ಟವಾದ ಆಲದ ಅಥವಾ ಹುಣಿಸೆಯ ಮರದ ಕೆಳಗೆ ಹಾಗೆಯೇ ಮಾಡಿ. ಎರಡು ಕಡೆಯ ಅಳತೆಗಳು ಎಷ್ಟೆಷ್ಟು ಮೀಟರ್ ಚೆದುರಿವೆ? ಎಷ್ಟನೆಯ ದಶಮಾಂಶ ಸ್ಥಾನದವರೆಗೆ ನಂಬಬಹುದು?

2. ಚೌಕಾಕಾರದ 10 ಗುಂಟೆಯ ಜಮೀನಿನ ಎಲ್ಲೆಗಳು 5 ಮೀಟರ್ ಒಳಕ್ಕೆ ತಪ್ಪಿದರೆ ವಿಸ್ತೀರ್ಣ ಎಷ್ಟಾಗಿ ತೋರುವುದು?

3. ಮನೆಯಲ್ಲಿರುವ ಐದು ಪೊಟ್ಟಣಗಳ ಮೇಲಿನ ಬರಹವನ್ನು ಓದಿ, ತಾಳೆ ಎಣ್ಣೆ ಎಷ್ಟರಲ್ಲಿ ಇದೆಯೆಂದು ಪಟ್ಟಿಮಾಡಿ. ಆ ಎಣ್ಣೆ ಬೆಳೆದ ದೇಶವನ್ನಾದರೂ ಯಾವ ಪೊಟ್ಟಣವಾದರೂ ಹೇಳುತ್ತದೆಯೆ?